ಮೊಲಕ್ಕೆ ಮೊದಲು ಹುಲ್ಲು

ಕೇಳುಗರಿಗೆಲ್ಲ ನಮಸ್ಕಾರ.

ಶಾಲೆಗಳಿಗೆ ರಜೆ ಸಿಕ್ಕಿದೆ. ಹೂಮಳೆ ಬಿದ್ದು, ಕಾಫಿ ಹೂ ಅರಳಿ ಉದುರಿದ್ದೂ ಆಯಿತು. ಈಗ ಕೊಡಗಿನ ಬಹಳ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಟ, ಮೊಲ ಬೇಕು. ನೀವೂ ಸಂತೆಯಿಂದಲೋ ಪೇಟೆಯ ಅಂಗಡಿಯಿಂದಲೋ ಒಂದು ಜೋಡಿ ಮೊಲ ತಂದು ಕೊಡುತ್ತೀರಿ. ಜೊತೆಗೆ ಅರ್ಧ ಕಿಲೋ ಕ್ಯಾರೆಟ್ಟೂ ತರುತ್ತೀರಿ. ಆ ಕ್ಯಾರೆಟ್ ನೋಡಿದರೆ ನನಗೆ ಭಯವಾಗುತ್ತದೆ.

ಬೇಸಿಗೆಯಲ್ಲಿ ಮೊಲ ಸಾಕುವುದು, ಕೈತೋಟ, ತೋಟದ್ದೇ ಸೊಪ್ಪು ಕಾಯಿಯ ಅಡುಗೆ, ಇವಿಷ್ಟನ್ನು ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಎಲ್ಲವನ್ನೂ ಹೇಳುತ್ತೇನೆ. ಆದರೆ ಪಶುವೈದ್ಯೆಯಾಗಿ ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಹೇಳಲೇಬೇಕಾದ ಮಾತು ಒಂದಿದೆ. ಮೊಲಕ್ಕೆ ಹುಲ್ಲು ಕೊಡಿ. ನಾನು ಬೇರೆ ಏನು ಹೇಳಿದರೂ ಮರೆಯಿರಿ, ಪರವಾಗಿಲ್ಲ. ಇದೊಂದನ್ನು ಮರೆಯಬೇಡಿ.

ಮೊಲದ ಊಟದಲ್ಲಿ 100ಕ್ಕೆ 80 ಪಾಲು ಹುಲ್ಲೇ ಇರಬೇಕು. ಯಾಕೆ ಗೊತ್ತಾ? ಅದರ ಹಲ್ಲು ಜೀವವಿರುವ ತನಕ ಬೆಳೆಯುತ್ತಲೇ ಇರುತ್ತದೆ. ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ಹಲ್ಲು ಸವೆಯುತ್ತದೆ. ಇಲ್ಲದಿದ್ದರೆ ಉದ್ದವಾಗಿ ಕೆನ್ನೆಗೆ, ನಾಲಗೆಗೆ ಚುಚ್ಚುತ್ತದೆ. ಮತ್ತೆ ಹೊಟ್ಟೆಯ ವಿಷಯ. ಮೊಲದ ಕರುಳು ನಿಲ್ಲದೆ ಕೆಲಸ ಮಾಡುತ್ತಿರಬೇಕು. ಅದನ್ನು ಮುಂದೆ ತಳ್ಳುವುದು ಹುಲ್ಲಿನ ನಾರು. ನಾರು ಕಡಿಮೆಯಾಗಿ ಸಿಹಿ, ಹಿಟ್ಟು ಜಾಸ್ತಿಯಾದರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಮೊಲಕ್ಕೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು.

ಕ್ಯಾರೆಟ್ ಅದಕ್ಕೆ ಮಿಠಾಯಿ. ವಾರಕ್ಕೆ ಒಂದೆರಡು ಸಲ ಹೆಬ್ಬೆರಳ ತುದಿಯಷ್ಟು ಸಾಕು. ಬಿಸ್ಕತ್ತು, ಬ್ರೆಡ್ಡು, ಅನ್ನ, ರೊಟ್ಟಿ ಯಾವುದೂ ಬೇಡ. ಇನ್ನೊಂದು ಸುಳ್ಳು ಊರೆಲ್ಲ ಓಡಾಡುತ್ತಿದೆ, ಮೊಲಕ್ಕೆ ನೀರು ಕೊಟ್ಟರೆ ಸಾಯುತ್ತದಂತೆ. ದಯವಿಟ್ಟು ಇದನ್ನು ಇವತ್ತಿಗೇ ಬಿಟ್ಟುಬಿಡಿ. ನೀರಿಲ್ಲದೆ ಸಾಯುತ್ತದೆ. ಒಂದು ಕಿಲೋ ತೂಗುವ ಮೊಲಕ್ಕೆ ದಿನಕ್ಕೆ ಸುಮಾರು 100 ಮಿಲಿಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅಳತೆ ಮಾಡುತ್ತಾ ಕೂರಬೇಡಿ. ಬಟ್ಟಲಲ್ಲಿ ಯಾವಾಗಲೂ ಶುದ್ಧ ನೀರು ಇರಲಿ.

ನಾಪೋಕ್ಲು ಕಡೆಯ ಒಬ್ಬ ಅಜ್ಜಿಯ ವಿಷಯ ನಿಮಗೆ ಹೇಳಲೇಬೇಕು. ಅವರ ಹಸು ಕರು ಹಾಕಲು ಕಷ್ಟಪಡುತ್ತಿದೆ ಎಂದು ನನ್ನನ್ನು ಕರೆಸಿದ್ದರು. ಕೆಲಸ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಅಲ್ಲೇ ಒಂದು ಕಿತ್ತಳೆ ಪೆಟ್ಟಿಗೆ, ಅದರೊಳಗೆ ಎರಡು ಮೊಲ. ಬೆಂಗಳೂರಿನ ಮಗ ಮಕ್ಕಳಿಗೆಂದು ತಂದದ್ದು. ರಜೆ ಕಳೆಯಲು ಬಂದವರು ಅಜ್ಜಿಯ ಹತ್ತಿರ ಬಿಟ್ಟು ಮೈಸೂರಿಗೆ ಮದುವೆಗೆ ಹೋಗಿದ್ದರು. ಒಂದು ಮೊಲ ಚುರುಕಾಗಿತ್ತು. ಇನ್ನೊಂದು ಮೂಲೆಯಲ್ಲಿ ಮೈ ಮುದುಡಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಪೆಟ್ಟಿಗೆಯ ಆ ಮೂಲೆಯಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ.

"ಅಜ್ಜಿ, ಇದು ಯಾವಾಗಿನಿಂದ ತಿಂದಿಲ್ಲ?" ಎಂದು ಕೇಳಿದೆ.

"ನಿನ್ನೆ ಸಂಜೆಯಿಂದ, ಡಾಕ್ಟ್ರಮ್ಮ. ಮಕ್ಕಳು ಬರೆದಿಟ್ಟು ಹೋದ ಹಾಗೇ ಕೊಟ್ಟಿದ್ದೀನಿ. ಬೆಳಗ್ಗೆ ಕ್ಯಾರೆಟ್ಟು, ಮಧ್ಯಾಹ್ನ ಬಿಸ್ಕತ್ತು, ರಾತ್ರಿ ಕ್ಯಾರೆಟ್ಟು."

ಹೊಟ್ಟೆ ಮುಟ್ಟಿ ನೋಡಿದರೆ ಬಿಗಿಯಾಗಿತ್ತು. ನೋವಿಗೆ ಚುಚ್ಚುಮದ್ದು ಕೊಟ್ಟೆ, ಚರ್ಮದಡಿಗೆ ಗ್ಲೂಕೋಸ್ ಸಲೈನ್ ಕೊಟ್ಟೆ. ಹೊಟ್ಟೆಯನ್ನು ಮೆಲ್ಲಗೆ ಉಜ್ಜುವುದು ಹೇಗೆಂದು ಅಜ್ಜಿಗೆ ತೋರಿಸಿದೆ. ಆಮೇಲೆ ಹುಲ್ಲಿನ ವಿಷಯ ಹೇಳಲು ಬಾಯಿ ತೆರೆದೆ. ಅಜ್ಜಿ ನನ್ನನ್ನು ಅರ್ಧಕ್ಕೇ ತಡೆದರು.

"ಅಂದ್ರೆ ಇದು ಮೇಯೋ ಪ್ರಾಣಿ. ಮೇಯೋ ಪ್ರಾಣಿಗೆ ಬಿಸ್ಕತ್ತು ಹಾಕಿದ್ರೆ ಹೊಟ್ಟೆ ನಿಲ್ಲದೆ ಇನ್ನೇನಾಗುತ್ತೆ! ನಾನು ಅರವತ್ತು ವರ್ಷದಿಂದ ದನ ಸಾಕ್ತಾ ಇದ್ದೀನಿ. ಈ ಚೀಟಿ ಯಾಕೆ ನಂಬಿದೆನೋ."

ಅಷ್ಟು ಹೇಳಿ, ಮೂಲೆಯಲ್ಲಿದ್ದ ಕತ್ತಿ ಹಿಡಿದು ಗದ್ದೆ ಬದುವಿಗೆ ಹೊರಟೇಬಿಟ್ಟರು. ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒಂದು ಹೊರೆ ಗರಿಕೆ ಹುಲ್ಲು ಬಂತು. ಚುರುಕಾಗಿದ್ದ ಮೊಲ ತಲೆ ಎತ್ತದೆ ತಿನ್ನತೊಡಗಿತು. ಹುಷಾರಿಲ್ಲದ್ದು ಮೂಸಿ ನೋಡಿತು, ತಿನ್ನಲಿಲ್ಲ. ಅಜ್ಜಿ ಅದನ್ನು ಸೀರೆ ಮಡಿಲಲ್ಲಿ ಕೂರಿಸಿಕೊಂಡರು. ಒಂದೊಂದೇ ಎಸಳು ಬಾಯಿಯ ಹತ್ತಿರ ಹಿಡಿಯುತ್ತಾ, ನಡುನಡುವೆ ಹೊಟ್ಟೆ ಉಜ್ಜುತ್ತಾ ಕೂತರು. ಅಡುಗೆ ಇಲ್ಲ, ಟಿವಿ ಇಲ್ಲ. ಕತ್ತಲಾಗುವ ಹೊತ್ತಿಗೆ ಅದು ಒಂದು ಎಸಳು ಕಚ್ಚಿತಂತೆ. ಮಾರನೆ ದಿನ ಬೆಳಗ್ಗೆ ಆರು ಗಂಟೆಗೆ ನನ್ನ ಫೋನ್ ಬಡಿದುಕೊಂಡಿತು. ಅಜ್ಜಿಯ ದನಿ ನಡುಗುತ್ತಿತ್ತು. "ಡಾಕ್ಟ್ರಮ್ಮ, ಹಿಕ್ಕೆ ಹಾಕಿತು!" ಕೇಳಿ ನನಗೂ ಕಣ್ಣು ತುಂಬಿ ಬಂತು. ಅಷ್ಟು ಹೊತ್ತು ನಿಂತ ಕರುಳು ಮತ್ತೆ ಶುರುವಾಗುವುದು ಸಣ್ಣ ಮಾತಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಮಕ್ಕಳು ಬೆಂಗಳೂರಿಗೆ ಹೋದರು, ಮೊಲಗಳನ್ನು ಅಜ್ಜಿ ಕಳಿಸಲಿಲ್ಲ. ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಕಾಫಿ ಒಣಗಿಸಿ ಮುಗಿದ ಮೇಲೆ ನಮ್ಮ ಕಣಗಳೆಲ್ಲ ಖಾಲಿ ಬಿದ್ದಿರುತ್ತವೆ, ಅಲ್ವಾ? ಅಜ್ಜಿ ಏಪ್ರಿಲ್, ಮೇ ತಿಂಗಳಿಡೀ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹುಲ್ಲು ಕೊಯ್ಯುತ್ತಿದ್ದರು. ಕಣದಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ಎರಡು ಸಲ ಮಗುಚಿ ಹಾಕುತ್ತಿದ್ದರು. ಬಿಸಿಲು ತುಂಬಾ ಚುರುಕಾದರೆ ಹುಲ್ಲು ಬಿಳಿಚಿಕೊಳ್ಳುತ್ತದೆ, ಆಗ ನೆರಳಿಗೆ ಎಳೆಯುತ್ತಿದ್ದರು. ಎರಡು ಮೂರು ದಿನದಲ್ಲಿ ಹುಲ್ಲು ಗರಗರ ಎನ್ನುತ್ತದೆ. ಬಣ್ಣ ಮಾತ್ರ ಹಸಿರಾಗಿಯೇ ಉಳಿದಿರುತ್ತದೆ. ಅದನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದಲ್ಲಿ, ಒಲೆಯ ಹೊಗೆ ತಾಗದ ಕಡೆ ಇಟ್ಟರು. ಮಳೆಗಾಲಕ್ಕೆ ಸೌದೆ ಒಟ್ಟುವುದೂ ಆಗಲೇ, ಹುಲ್ಲು ತುಂಬುವುದೂ ಆಗಲೇ. ಜುಲೈಯಲ್ಲಿ ವಾರಗಟ್ಟಲೆ ಮಳೆ ಹೊಡೆದು ಊರಲ್ಲೆಲ್ಲೂ ಒಣ ಎಲೆ ಸಿಗದಿದ್ದಾಗಲೂ ಅವರ ಮೊಲಗಳ ಮುಂದೆ ಒಣಹುಲ್ಲು ಇತ್ತು.

ಇದನ್ನು ನೀವೂ ಮಾಡಬೇಕು. ಈಗಲೇ ಮಾಡಬೇಕು. ಜೂನ್ ಬಂದ ಮೇಲೆ ಆಗುವುದಿಲ್ಲ. ಕಣ ಇಲ್ಲದವರು ತಾರಸಿಯಲ್ಲಿ ಒಣಗಿಸಿ. ಗರಿಕೆ, ಗಿನಿ ಹುಲ್ಲು, ಎಳೆಯ ನೇಪಿಯರ್ ಎಲ್ಲವೂ ಆಗುತ್ತದೆ. ಭತ್ತದ ಹುಲ್ಲು ಗೂಡಿಗೆ ಹಾಸಲು ಚೆನ್ನಾಗಿದೆ, ಆದರೆ ಅದರಲ್ಲಿ ಸತ್ವ ಕಡಿಮೆ, ಅದೊಂದನ್ನೇ ಹಾಕಬೇಡಿ. ಬೂಷ್ಟು ಹಿಡಿದ ಹುಲ್ಲನ್ನು ಒಂದು ಎಸಳೂ ಕೊಡಬೇಡಿ. ಕಳೆನಾಶಕ ಹೊಡೆದ ತೋಟದಿಂದ ಹುಲ್ಲು ತರಲೇಬೇಡಿ. ಪಕ್ಕದ ತೋಟದ್ದಾದರೆ ಕೇಳಿಕೊಂಡು ಕೊಯ್ಯಿರಿ.

ಸಮಯ ಓಡುತ್ತಿದೆ. ಸೆಕೆಯ ವಿಷಯಕ್ಕೆ ಬರುತ್ತೇನೆ. ಕೊಡಗು ತಂಪು, ಇಲ್ಲಿ ಮೊಲಕ್ಕೆ ಏನಾಗುತ್ತದೆ ಎಂದು ಕೇಳುತ್ತಾರೆ. ಕುಶಾಲನಗರದ ಕಡೆ ಬೇಸಿಗೆಯ ಮಧ್ಯಾಹ್ನ ಹೊರಗೆ ನಿಂತು ನೋಡಿ. ಮಡಿಕೇರಿಯಲ್ಲೂ ಶೀಟ್ ಹಾಕಿದ ಶೆಡ್ಡಿನೊಳಗೆ ಕೂತು ನೋಡಿ. ಮೊಲ ಬೆವರುವುದಿಲ್ಲ. ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಯಿಂದ ಹೊರಗೆ ಬಿಡುತ್ತದೆ. 28 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಗೂಡನ್ನು ಮರದ ನೆರಳಿಗೆ, ಗಾಳಿ ಆಡುವ ಕಡೆ ಇಡಿ. ಮಂಗಳೂರು ಹೆಂಚು ಒಂದೆರಡು ಒಳಗೆ ಹಾಸಿ, ಅದರ ಮೇಲೆ ಮಲಗುತ್ತದೆ. ಬಾಟಲಿಯಲ್ಲಿ ನೀರು ಐಸ್ ಮಾಡಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗೆ ಒದ್ದೆ ಬಟ್ಟೆ ಒತ್ತಿ, ತಕ್ಷಣ ಡಾಕ್ಟರ ಹತ್ತಿರ ಹೊರಡಿ. ತಣ್ಣೀರು ಸುರಿಯಬೇಡಿ. ಹಿಂಭಾಗ ಒದ್ದೆಯಾಗಿ ಗಲೀಜಾಗಿದ್ದರೆ ನೊಣ ಮೊಟ್ಟೆ ಇಟ್ಟು ಹುಳ ಆಗುತ್ತದೆ, ದಿನಾ ನೋಡಿ ಒರೆಸಿ. ರಾತ್ರಿ ಗೂಡಿಗೆ ಗಟ್ಟಿ ಜಾಲರಿ, ಗಟ್ಟಿ ಚಿಲಕ ಇರಲಿ. ಮುಂಗುಸಿ, ಕಾಡುಬೆಕ್ಕು, ಹಾವು ಎಲ್ಲವೂ ನಮ್ಮಲ್ಲಿವೆ.

ಇನ್ನು ಕೈತೋಟ. ಮೊಲ ಇರುವ ಮನೆಗೆ ಗೊಬ್ಬರದ ಚಿಂತೆ ಇಲ್ಲ. ಮೊಲದ ಹಿಕ್ಕೆಯನ್ನು ಕೊಳೆಸದೆ ನೇರವಾಗಿ ಗಿಡದ ಬುಡಕ್ಕೆ ಹಾಕಬಹುದು, ಬೇರು ಸುಡುವುದಿಲ್ಲ. ಸಗಣಿಗಿಂತ ಅದರಲ್ಲಿ ಸಾರಜನಕ ಹೆಚ್ಚು. ನಾನು ಮೂಲಂಗಿ, ಕೊತ್ತಂಬರಿ, ಪುದೀನ ಸಾಲುಗಳಿಗೆ ಹಾಕುತ್ತೇನೆ. ಗೆಡ್ಡೆ ನಮ್ಮ ಅಡುಗೆಗೆ, ಸೊಪ್ಪು ಮೊಲಕ್ಕೆ. ದಾಸವಾಳದ ಎಲೆ, ಹೂ, ತುಳಸಿ, ಹಿಪ್ಪುನೇರಳೆ ಸೊಪ್ಪು ಕೂಡ ಇಷ್ಟಪಟ್ಟು ತಿನ್ನುತ್ತದೆ. ದಿನಕ್ಕೆ ಒಂದು ಹಿಡಿ ಸಾಕು. ಸೊಪ್ಪು ಹಾಕಿದೆ ಎಂದು ಹುಲ್ಲು ಬಿಡಬೇಡಿ.

ಕೊಡಗಿನವರು ಮುಖ್ಯವಾಗಿ ಕೇಳಬೇಕಾದದ್ದು ಇದು. ಬಟರ್‌ಫ್ರೂಟ್, ಅಂದರೆ ಬೆಣ್ಣೆಹಣ್ಣು, ಮೊಲಕ್ಕೆ ವಿಷ. ಹಣ್ಣೂ ವಿಷ, ಎಲೆಯೂ ವಿಷ. ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಇದರ ಒಳ್ಳೆಯ ತಳಿಗಳ ಕೆಲಸ ನಡೆದಿದೆ, ಕಾಫಿ ನಡುವೆ ಮರ ಹಾಕುವವರೂ ಜಾಸ್ತಿಯಾಗಿದ್ದಾರೆ. ಸಂತೋಷ. ಮೊಲದ ಗೂಡು ಮಾತ್ರ ಆ ಮರದ ಕೆಳಗೆ ಬೇಡ. ಕೆಸುವಿನ ಎಲೆ, ಲಂಟಾನ, ಕಣಗಿಲೆ, ಕಾಡು ಜರಿಗಿಡ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಗಿಡ, ಇವು ಯಾವುದೂ ಅದರ ಬಾಯಿಗೆ ಸಿಗಬಾರದು.

ತೋಟದಲ್ಲಿ ಕಳೆ ತೆಗೆಯುವಾಗ ಕಾಡುಮೊಲದ ಮರಿ ಸಿಕ್ಕರೆ ಮನೆಗೆ ತರಬೇಡಿ. ತಾಯಿ ಬಿಟ್ಟುಹೋಗಿದೆ ಎಂದುಕೊಳ್ಳಬೇಡಿ. ಅದು ಹಗಲು ದೂರವಿದ್ದು, ಕತ್ತಲಾದ ಮೇಲೆ ಹಾಲು ಕೊಡಲು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದು, ಸಾಕುವುದು ಅಪರಾಧ. ಸಾಕುಮೊಲದ ಜಾತಿಯೇ ಬೇರೆ.

ಸಾಕುಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ನಾಳೆ ನೋಡೋಣ ಎನ್ನಬೇಡಿ. ಅವತ್ತೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಉಳಿದ ನಿಮ್ಮ ಮಾತ್ರೆಗಳನ್ನು ಕೊಡಬೇಡಿ. ಅಮಾಕ್ಸಿಸಿಲಿನ್ ಬಾಯಿಯಿಂದ ಕೊಟ್ಟರೆ ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು.

ಅಡುಗೆಗೆ ಸ್ವಲ್ಪವೇ ಸಮಯ ಉಳಿದಿದೆ. ನಮ್ಮ ಮನೆಯಲ್ಲಿ ಬೇಸಿಗೆಯಿಡೀ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆ. ಕೊಡಗಿನಲ್ಲಿ ಹಾಗೆ ಊಟ ಮಾಡಿದರೆ ಏನು ಸಿಗುತ್ತದೆ ಎಂದು ನೆಂಟರು ಕೇಳುತ್ತಾರೆ. ಬಂದು ಉಣ್ಣಿ ಎನ್ನುತ್ತೇನೆ. ಎಳೆ ಹಲಸಿನ ಪಲ್ಯ ಇದೆ, ಹಲಸಿನ ಬೀಜದ ಸಾರು ಇದೆ, ಒಂದೆಲಗದ ಚಟ್ನಿ ಇದೆ. ಪಾಪುಟ್ಟಿಗೆ, ಅಂದರೆ ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸುವ ನಮ್ಮ ತಿಂಡಿಗೆ, ಹಸುವಿನ ಹಾಲಿನ ಬದಲು ತೆಂಗಿನಕಾಯಿ ಹಾಲು ಹಾಕಿದರೆ ರುಚಿ ಒಂದು ಕೈ ಮೇಲೆ. ಕಾಡುಮಾವಿನ ಕರಿಯಂತೂ ಈಗಲೇ ಆಗಬೇಕು. ಚೆನ್ನಾಗಿ ಹಣ್ಣಾದ ಸಣ್ಣ ಕಾಡುಮಾವು ತಂದು ಸಿಪ್ಪೆ ತೆಗೆಯಿರಿ, ಗೊರಟು ಒಳಗೇ ಇರಲಿ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹೆಚ್ಚಿದ ಈರುಳ್ಳಿ, ಸೀಳಿದ ಹಸಿಮೆಣಸು ಬಾಡಿಸಿ. ಹಣ್ಣು, ಉಪ್ಪು, ಸ್ವಲ್ಪ ಖಾರದ ಪುಡಿ, ಹುಳಿ ನೋಡಿಕೊಂಡು ಬೆಲ್ಲ ಹಾಕಿ, ಒಂದು ಲೋಟ ನೀರು ಬಿಟ್ಟು ರಸ ಗಟ್ಟಿಯಾಗುವ ತನಕ ಬೇಯಿಸಿ. ಬಿಸಿ ಅಕ್ಕಿ ರೊಟ್ಟಿಗೆ ಹಾಕಿಕೊಂಡು ಉಣ್ಣಿ. ಚೀಪಿ ಉಳಿದ ಗೊರಟು, ಸಿಪ್ಪೆ ಎಲ್ಲ ಗೊಬ್ಬರದ ಗುಂಡಿಗೆ ಹೋಗಲಿ, ಮೊಲದ ಗೂಡಿಗೆ ಬೇಡ.

ನಮಸ್ಕಾರ.