ನಾಲ್ಕು ತಾಸಿನ ಪಾಳಿ

(ಬೆಳಗಾವಿಯ ಕಾಲೇಜು ಹುಡುಗಿಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ನಿಂತು ಸಮುದ್ರದ ಮಾತು ಆಡಿದರೆ ನಗು ಬರುತ್ತದೆ, ಅಲ್ವಾ? ಮಹದಾಯಿ ಅಂದ ಕೂಡಲೇ ನಮಗೆ ನೆನಪಾಗುವುದು ಕಳಸಾ-ಬಂಡೂರಿ ಜಗಳ. ಅದೇ ನದಿ ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ, ಗೋವಾಕ್ಕೆ ಇಳಿದು ಮಾಂಡೋವಿ ಆಗುತ್ತದೆ. ಅಲ್ಲಿನ ದಿವಾರ್ ದ್ವೀಪದ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಹಾಯಿದೋಣಿ ‘ತಾರಿಣಿ’. ಹಾಗಾಗಿ ಈ ಕಥೆ ನಮ್ಮ ನೀರಿನಿಂದಲೇ ಶುರು ಅಂತ ನಾನು ಸುಮ್ನೆ ಹೆಮ್ಮೆ ಪಡುತ್ತೇನೆ.

2017ರ ಸೆಪ್ಟೆಂಬರ್ 10ರಂದು ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಅದನ್ನು ಹತ್ತಿ ಗೋವಾ ಬಿಟ್ಟರು. ವರ್ತಿಕಾ ಜೋಶಿ ನಾಯಕಿ. ಜೊತೆಗೆ ಪ್ರತಿಭಾ ಜಾಮ್ವಾಲ್, ಪಿ. ಸ್ವಾತಿ, ಐಶ್ವರ್ಯಾ ಬೊಡ್ಡಪಾಟಿ, ಎಸ್. ವಿಜಯಾದೇವಿ, ಪಾಯಲ್ ಗುಪ್ತಾ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್, ಕೇಪ್ ಟೌನ್ ಮುಟ್ಟಿ ವಾಪಸ್ ಬಂದದ್ದು 2018ರ ಮೇ 21ಕ್ಕೆ. 254 ದಿನ. ಭೂಮಿಗೆ ಒಂದು ಪೂರ್ತಿ ಸುತ್ತು.

ಪೇಪರಿನವರು ಅಲೆ, ಬಿರುಗಾಳಿ ಬಗ್ಗೆ ಜಾಸ್ತಿ ಬರೆದರು. ನನಗೆ ಕುತೂಹಲ ಇದ್ದದ್ದು ಬೇರೆ. ದೋಣಿಯ ಉದ್ದ 56 ಅಡಿ, ಅಂದರೆ ನಮ್ಮ ಒಂದೂವರೆ ಬಸ್ಸಿನಷ್ಟು. ಅಷ್ಟರೊಳಗೆ ಆರು ಜನ ಇಷ್ಟು ದಿನ ಬದುಕುವುದು ಹೇಗೆ?

ಪಾಳಿಯಿಂದ. ನಮ್ಮ ರೈತರು ಕಾಲುವೆ ನೀರಿಗೆ ಪಾಳಿ ಹಚ್ಚುತ್ತಾರಲ್ಲ, ಹಾಗೆಯೇ. ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಇಬ್ಬರು ಸೇರಿ ನಾಲ್ಕು ತಾಸು ಮೇಲಿದ್ದು ದೋಣಿ ನಡೆಸುತ್ತಾರೆ. ಆರು ಜನ ಅಂದರೆ ಮೂರು ಜೋಡಿ, ಲೆಕ್ಕಕ್ಕೆ ಎಂಟು ತಾಸು ಬಿಡುವು. ಆದರೆ ಆ ಬಿಡುವಿನಲ್ಲೇ ಅಡಿಗೆ, ಹರಿದ ಹಾಯಿ ಹೊಲಿಯುವುದು, ಎಂಜಿನ್ ನೋಡುವುದು. ಮಧ್ಯರಾತ್ರಿ ಎಬ್ಬಿಸಿದರೆ ‘ಇನ್ನೈದು ನಿಮಿಷ’ ಅನ್ನುವಂತಿಲ್ಲ. ಮೇಲೆ ಒಬ್ಬಾಕೆ ಚಳಿಯಲ್ಲಿ ನಡುಗುತ್ತ ನಿಮ್ಮನ್ನೇ ಕಾಯುತ್ತಿರುತ್ತಾಳೆ.

ನಾನೂ ಒಮ್ಮೆ ಗೋವಾದಲ್ಲಿ ಹಾಯಿದೋಣಿ ಹತ್ತಿದ್ದೆ. ಹೋಗುವಾಗ ಕುಂದಾ ತಿಂದುಕೊಂಡು ಹೋಗಿದ್ದೆ. ಅರ್ಧ ತಾಸಿನಲ್ಲಿ ಅದು ಅರಬ್ಬಿ ಸಮುದ್ರದ ಪಾಲು. ಆದರೂ ಕೆಳಗಿಳಿದು ಅಡಿಗೆಮನೆ ನೋಡಿದೆ. ಒಲೆ ಎರಡು ಕೀಲುಗಳ ಮೇಲೆ ತೂಗುತ್ತಿತ್ತು. ದೋಣಿ ವಾಲಿದರೂ ಒಲೆ ಮಾತ್ರ ನೆಟ್ಟಗೆ. ಪಾತ್ರೆ ಜಾರದಂತೆ ಸುತ್ತ ಕಬ್ಬಿಣದ ಹಿಡಿತ. ಚಹಾ ಚೆಲ್ಲಲಿಲ್ಲ, ಚಹಾ ಮಾಡುವವಳು ಮಾತ್ರ ಗೋಡೆಗೆ ಒರಗಿ, ಒಂದು ಕಾಲು ಎದುರಿನ ಕಪಾಟಿಗೆ ಒತ್ತಿ ನಿಂತಿದ್ದಳು. ಅಲ್ಲಿ ರೊಟ್ಟಿ ಬಡಿಯುವುದನ್ನು ನೆನೆಸಿಕೊಳ್ಳಿ!

ಹಾಸಿಗೆಯ ಅಂಚಿಗೆ ದಪ್ಪ ಬಟ್ಟೆ ಎಳೆದು ಕಟ್ಟುತ್ತಾರೆ, ಮಲಗಿದವರು ಉರುಳಿ ಬೀಳಬಾರದಲ್ಲ. ತೊಟ್ಟಿಲೇ ಅನ್ನಿ. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆ ಸರಿಯಾಗಿ ಒಣಗುವುದಿಲ್ಲ, ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಸಾಬೂನು ನೊರೆ ಬರುವುದಿಲ್ಲ. ತರಕಾರಿಯಲ್ಲಿ ಸೊಪ್ಪು ಮೊದಲು ಹೋಗುತ್ತದೆ, ಆಲೂಗಡ್ಡೆ, ಉಳ್ಳಾಗಡ್ಡಿ ಕೊನೆವರೆಗೂ ಜೊತೆಗಿರುತ್ತವೆ.

ಮನೆಯಲ್ಲಿ ಏನಾದರೂ ಕೆಟ್ಟರೆ ‘ಯಾರನ್ನಾದರೂ ಕರೀರಿ’ ಅನ್ನುತ್ತೇವೆ. ವಾಪಸ್ ಬರುವಾಗ ಹಿಂದೂ ಮಹಾಸಾಗರದಲ್ಲಿ ತಾರಿಣಿಯ ಚುಕ್ಕಾಣಿ ಕೈಕೊಟ್ಟಿತು. ಅಲ್ಲಿ ಯಾರನ್ನು ಕರೆಯುವುದು? ಹೇಗೋ ಸಂಭಾಳಿಸಿ ಮಾರಿಷಸ್ ಮುಟ್ಟಿ, ರಿಪೇರಿ ಮಾಡಿಸಿಕೊಂಡು ಹೊರಟರು.

ಇದೇ ದೋಣಿಯಲ್ಲಿ ಮತ್ತೆ 2024ರ ಅಕ್ಟೋಬರ್ 2ಕ್ಕೆ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ಹೊರಟು, 2025ರ ಮೇ 29ಕ್ಕೆ ಗೋವಾಕ್ಕೆ ಬಂದರು. ದಾರಿಯಲ್ಲಿ ಪಾಯಿಂಟ್ ನೀಮೋ ದಾಟಿದರು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ನೆಲ ಸಿಗಲು ಕಡಿಮೆ ಅಂದರೂ ಸುಮಾರು 2,700 ಕಿಲೋಮೀಟರ್. ತಲೆ ಮೇಲೆ ಹಾದುಹೋಗುವ ಬಾಹ್ಯಾಕಾಶ ನಿಲ್ದಾಣದವರೇ ಹತ್ತಿರದ ನೆಂಟರು, ಅವರು ಇರುವುದು 400 ಕಿಲೋಮೀಟರ್ ಎತ್ತರದಲ್ಲಿ! ಇಬ್ಬರೇ ಅಂದ ಮೇಲೆ ಒಬ್ಬಾಕೆ ಮಲಗಿದಾಗ ಇನ್ನೊಬ್ಬಾಕೆ ಎದ್ದಿರಬೇಕು. ಎಂಟು ತಿಂಗಳು ಒಂದೇ ಮನೆಯಲ್ಲಿದ್ದರೂ ಇಬ್ಬರೂ ಕೂಡಿ ಕೂತು ಉಂಡ ದಿನ ಎಷ್ಟು ಇದ್ದಾವು?

ಹಿಂದಿನ ಸಾಲಿನ ತಂಗಿ ಆಗಿನಿಂದ ಕೈ ಎತ್ತಿದ್ದಾಳೆ. ಟಾಯ್ಲೆಟ್ ವಿಷಯ ಇರಬೇಕು, ಎಲ್ಲ ಕಡೆ ಮೊದಲ ಪ್ರಶ್ನೆ ಅದೇ. ಕೇಳವ್ವಾ, ನಾಚಬೇಡ. ಅಲ್ಲೂ ಕೈಪಂಪು ಒತ್ತಬೇಕು.