ಮೆಲ್ಲನೆ ಹಾಡಿದ ಪಿ.ಬಿ. ಶ್ರೀನಿವಾಸ್

ಕೇಳುಗರಿಗೆ ನಮಸ್ಕಾರ.

ಇವತ್ತು ಸೆಪ್ಟೆಂಬರ್ 22. ಸಿನಿಮಾದ ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ ಹುಟ್ಟಿದ ದಿನ. 1930ರಲ್ಲಿ ಈಗಿನ ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದರು. 2013ರ ಏಪ್ರಿಲ್ 14ರಂದು ಚೆನ್ನೈಯಲ್ಲಿ ತೀರಿಕೊಂಡರು. ಅವರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ಮದುವೆ, ಜಾತ್ರೆ, ಯಕ್ಷಗಾನದ ಆಟಗಳಿಗೆ ನಲವತ್ತು ವರ್ಷ ಮೈಕ್ ಕಟ್ಟಿದವನು ನಾನು. ರಾಗದ ಲಕ್ಷಣ ನನಗೆ ಹೇಳಲು ಬರುವುದಿಲ್ಲ. ಆದರೆ ಒಂದು ಸ್ವರ ಮೈಕಿನ ಒಳಗೆ ಹೋಗಿ ಸ್ಪೀಕರಿನಿಂದ ಹೊರಗೆ ಬರುವಾಗ ಏನಾಗುತ್ತದೆ ಎಂದು ಚೆನ್ನಾಗಿ ಗೊತ್ತು.

ಈ ಹೊತ್ತಿಗೆ ಯಾರು ರೇಡಿಯೋ ಕೇಳುತ್ತಿರುತ್ತೀರಿ ಎಂದೂ ಗೊತ್ತು. ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಅಡಿಗೆಮನೆಯಲ್ಲಿ ಒಗ್ಗರಣೆಗೆ ಇಟ್ಟವರು. ಕೈ ಕೆಲಸ ನಿಲ್ಲಿಸಬೇಡಿ. ನಾನು ಹೇಳುವುದು ಒಂದೇ ಮಾತು. ಶ್ರೀನಿವಾಸ್ ಮೆಲ್ಲನೆ ಹಾಡಿದರು. ಮೆಲ್ಲನೆ ಹಾಡುವುದು ಜೋರಾಗಿ ಹಾಡುವುದಕ್ಕಿಂತ ಕಷ್ಟ.

ನಮ್ಮದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು. ಮೈಕ್ ಬರುವ ಮೊದಲು ಭಾಗವತರ ಪದ ಕೊಯ್ಲು ಮುಗಿದ ಗದ್ದೆಯ ಆಚೆ ಬದುವಿಗೂ ಕೇಳಬೇಕಿತ್ತು. ಅದೂ ಬೆಳಗ್ಗಿನವರೆಗೆ! ಕಂಪನಿ ನಾಟಕದಲ್ಲೂ ಹಾಗೆಯೇ, ಕೊನೆಯ ಸಾಲಿನವನಿಗೆ ಮುಟ್ಟಬೇಕು. ಅದು ದೊಡ್ಡ ವಿದ್ಯೆ, ನನಗೆ ತುಂಬ ಗೌರವ ಇದೆ. ಆಮೇಲೆ ಮೈಕ್ ಬಂತು. ಹಾಡುವವನು ಇನ್ನು ಕೂಗಬೇಕಾಗಿಲ್ಲ. ಒಬ್ಬರ ಕಿವಿಯ ಹತ್ತಿರ ಹೇಳುವ ಹಾಗೆ ಹಾಡಬಹುದು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿ ಎಂಬುವರು ಹೀಗೆ ಹಾಡಿ ಹೆಸರಾದರು. ಅಂಥವರನ್ನು ಅಲ್ಲಿ ಕ್ರೂನರ್ ಅನ್ನುತ್ತಾರೆ. ನಮಗೆ ಶ್ರೀನಿವಾಸ್ ಸಿಕ್ಕಿದರು.

ಅದು ಸುಲಭ ಅಂದುಕೊಳ್ಳಬೇಡಿ. ಮೈಕಿನ ಹತ್ತಿರ ಹೋದಷ್ಟೂ ನಿಮ್ಮ ಉಸಿರು ಕೇಳುತ್ತದೆ. 'ಪ' 'ಭ' ಅಂದರೆ ಸ್ಪೀಕರು ಢಬ್ ಅನ್ನುತ್ತದೆ. ಶ್ರುತಿ ಒಂದು ಕೂದಲಿನಷ್ಟು ಜಾರಿದರೂ ಬಚ್ಚಿಡಲು ಜಾಗ ಇಲ್ಲ. ಜೋರಾಗಿ ಹಾಡಿದರೆ ಸಣ್ಣ ತಪ್ಪು ಅದರೊಳಗೆ ಮುಚ್ಚಿಹೋಗುತ್ತದೆ. ಮೆಲ್ಲನೆ ಹಾಡಿದರೆ ಎಲ್ಲವೂ ಹೊರಗೆ. ಶ್ರೀನಿವಾಸ್ ಅವರ ಹಾಡಿನಲ್ಲಿ ಉಸಿರು ಎಲ್ಲಿ ತೆಗೆದರು ಎಂದು ಇವತ್ತಿಗೂ ನಾನು ಹುಡುಕುತ್ತೇನೆ, ಸಿಗುವುದಿಲ್ಲ.

ಒಂದು ಮದುವೆಯ ಸಂಗತಿ ಹೇಳುತ್ತೇನೆ. 1971. ನಾನು ಎಂಟನೇ ಕ್ಲಾಸು. ಸೋದರಮಾವನಿಗೆ ಮೈಕ್ ಸೆಟ್ಟಿನ ಕೆಲಸ, ನಾನು ಅವರ ಬೆನ್ನ ಹಿಂದೆ. ಪೆರ್ಲದಿಂದ ಒಳಗೆ, ಗುಡ್ಡೆ ಇಳಿದು ತೋಟದ ನಡುವೆ ಒಂದು ಮನೆ. ರಸ್ತೆ ಇಲ್ಲ, ಕರೆಂಟು ಇಲ್ಲ. ಆಂಪ್ಲಿಫಯರು, ಕೀ ಕೊಟ್ಟು ತಿರುಗಿಸುವ ರೆಕಾರ್ಡ್ ಪ್ಲೇಟು, ಎರಡು ಹಾರ್ನು, ಎರಡು ಕಾರಿನ ಬ್ಯಾಟರಿ, ಸೂಜಿಯ ಡಬ್ಬಿ, ಎಲ್ಲವೂ ತಲೆಹೊರೆ. ಹಾರ್ನಿಗೆ ನಮ್ಮ ಮಲಯಾಳಿ ನೆರೆಯವರು ಕೋಳಾಂಬಿ, ಅಂದರೆ ಉಗುಳುವ ಪಾತ್ರೆ, ಅನ್ನುತ್ತಾರೆ, ನೋಡಲು ಹಾಗೆಯೇ ಇದೆ. ತೋಡಿನ ಸಂಕ ದಾಟುವಾಗ ಮುಂದಿದ್ದ ಆಳಿನ ಕಾಲು ಜಾರಿತು. ಅವನಿಗೆ ಏನೂ ಆಗಲಿಲ್ಲ. ಒಂದು ಬ್ಯಾಟರಿ ನೀರಿಗೆ ಹೋಯಿತು.

ಮದುವೆಯ ಹಿಂದಿನ ದಿನ ಅದು. ಮಡಲಿನ ಚಪ್ಪರ, ನೆರೆಕರೆಯವರೆಲ್ಲ ಸೇರಿ ಮೆಟ್ಟುಕತ್ತಿಯಲ್ಲಿ ತರಕಾರಿ ಕೊರೆಯುತ್ತಿದ್ದರು. ಮದುಮಗಳ ಮಾವ ಒಬ್ಬರು ಬಂದು, "ಆಚೆ ಗುಡ್ಡೆಯ ಮನೆಗೂ ಕೇಳಬೇಕು, ಜೋರು ಹಾಕು" ಎಂದರು. ಹಾರ್ನು ತೆಂಗಿನ ಮರದ ಅರ್ಧಕ್ಕೆ ಕಟ್ಟಿದೆವು. ಸಂಜೆಯಿಂದ ಡೋಲಿನ ಹಾಡು, ಕುಣಿತದ ಹಾಡು, ಎಲ್ಲವೂ ಫುಲ್ಲು. ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಇಳಿಯಿತು. ಇನ್ನೊಂದು ತೋಡಿನಲ್ಲಿ.

ಬ್ಯಾಟರಿ ಇಳಿದರೆ ಏನಾಗುತ್ತದೆ ಗೊತ್ತಾ? ಜೋರಿನ ಸ್ವರಕ್ಕೆ ಬೇಕಾದ ಶಕ್ತಿ ಆಂಪ್ಲಿಫಯರಿನಲ್ಲಿ ಇರುವುದಿಲ್ಲ. ಸ್ವರದ ತಲೆ ಕತ್ತರಿಸಿದ ಹಾಗೆ ಆಗುತ್ತದೆ. ಹಾರ್ನು ಕರಕರ ಅನ್ನುತ್ತದೆ. ನನ್ನ ಮಾವ ಮೂರು ರೆಕಾರ್ಡು ಬದಲಿಸಿದರು. ಮೂರೂ ಕರಕರ. ಮದುವೆ ಮನೆಯವರ ಮುಖ ಸಣ್ಣದಾಯಿತು. ಮಾವನಿಗೆ ಬೆವರು.

ಆಮೇಲೆ ಮಾವ ಒಂದು ಹಾರ್ನಿನ ವಯರು ಬಿಚ್ಚಿದರು. ಇನ್ನೊಂದನ್ನು ಮರದಿಂದ ಇಳಿಸಿ ಅಂಗಳದಲ್ಲಿ ಮನೆಗೆ ಮುಖ ಮಾಡಿ ಇಟ್ಟರು. ವಾಲ್ಯೂಮ್ ಕಾಲುಭಾಗಕ್ಕೆ ತಂದರು. ಪೆಟ್ಟಿಗೆಯ ಅಡಿಯಿಂದ ಭಕ್ತ ಕನಕದಾಸ ಸಿನಿಮಾದ ಹಳೆಯ ರೆಕಾರ್ಡು ತೆಗೆದು, ಹೊಸ ಸೂಜಿ ಹಾಕಿ, ಬಾಗಿಲನು ತೆರೆದು ಹಾಡು ಇಟ್ಟರು.

ಒಂದು ಅಕ್ಷರ ಒಡೆಯಲಿಲ್ಲ. ಸತ್ತ ಬ್ಯಾಟರಿಯಲ್ಲಿ ಆ ಸ್ವರ ಹಾಲಿನ ಹಾಗೆ ಬಂತು. ಮೊದಲು ಮೆಟ್ಟುಕತ್ತಿಯ ಸದ್ದು ನಿಂತಿತು. ಆಮೇಲೆ ಮಾತು ನಿಂತಿತು. ಹಿಂದೆ ಒಲೆಯ ಹತ್ತಿರ ಇದ್ದ ಅಡಿಗೆಯವರು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದರು. ಒಳಗೆ ಮಲಗಿದ್ದ ಅಜ್ಜಿ ಒಬ್ಬರು ಗೋಡೆ ಹಿಡಿದು ಜಗಲಿಗೆ ಬಂದು ಕೂತು ಕೇಳಿದರು: "ಇದು ಯಾರು ಮಗಾ? ಮನೆಯ ಒಳಗಿಂದ ಹಾಡುವ ಹಾಗೆ ಉಂಟಲ್ಲ?"

ಮನೆಯ ಒಳಗಿಂದ ಹಾಡುವ ಹಾಗೆ! ಪಿ.ಬಿ. ಶ್ರೀನಿವಾಸ್ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನಾನು ಈವರೆಗೆ ಕೇಳಿಲ್ಲ. ಆ ರಾತ್ರಿ ಎರಡೇ ರೆಕಾರ್ಡು, ತಿರುಗಿಸಿ ಮುರುಗಿಸಿ ಹಾಕಿದೆವು. ಕೀ ಕೊಟ್ಟು ಕೊಟ್ಟು ನನ್ನ ಕೈ ಸೋತಿತು. ಜೋರು ಬೇಕು ಎಂದವರು ಮತ್ತೆ ಆ ಮಾತು ಎತ್ತಲಿಲ್ಲ. ಅವರೇ ಬಂದು ಹಾರ್ನಿನ ಪಕ್ಕ ಚಾಪೆ ಹಾಕಿ ಕೂತರು. ಹಿಂದೆ ಬರುವಾಗ ಸಂಕದ ಹತ್ತಿರ ಮಾವ ನನಗೆ ಹೇಳಿದರು: "ಗಂಟಲು ಇದ್ದವರೆಲ್ಲ ಕೂಗಬಹುದು ಮಾರಾಯ. ಮೆಲ್ಲನೆ ಹಾಡಿ ಇಷ್ಟು ಜನರ ಕೈ ನಿಲ್ಲಿಸಬೇಕಾದರೆ ಅವರೇ ಆಗಬೇಕು."

ಈ ಕಥೆಗೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಆದರೂ ಇದನ್ನು ಬಿಟ್ಟು ನಾನು ಶ್ರೀನಿವಾಸ್ ಬಗ್ಗೆ ಮಾತಾಡಲಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಪಿ.ಬಿ. ಅಂದರೆ ಪ್ರತಿವಾದಿ ಭಯಂಕರ. ಅದು ಅವರ ಮನೆತನದ ಹೆಸರು. ಅಷ್ಟು ಗಡಸು ಹೆಸರಿನವರಿಗೆ ಆ ಸ್ವರ! ಬಿ.ಕಾಂ. ಓದಿದವರು. ಮದರಾಸಿಗೆ ಹೋಗಿ ಜೆಮಿನಿ ಸ್ಟುಡಿಯೋದವರ ಹಿಂದಿ ಸಿನಿಮಾದಲ್ಲಿ ಮೊದಲು ಹಾಡಿದರು. ಆಮೇಲೆ ಕನ್ನಡ. 1960ರಲ್ಲಿ ಭಕ್ತ ಕನಕದಾಸ ಬಂತು. ಅಲ್ಲಿಂದ ರಾಜಕುಮಾರ್ ಅಂದರೆ ಶ್ರೀನಿವಾಸ್ ಸ್ವರ ಎಂದಾಯಿತು. ತಾನು ಶರೀರ, ಶ್ರೀನಿವಾಸ್ ಶಾರೀರ ಎಂದು ರಾಜಕುಮಾರ್ ಅವರೇ ಹೇಳುತ್ತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ರಾಜಕುಮಾರ್ ಗುಬ್ಬಿ ನಾಟಕ ಕಂಪನಿಯಿಂದ ಬಂದವರು. ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಶ್ರೀನಿವಾಸ್ ಮೈಕಿನ ಮುಂದೆ ಬೆಳೆದ ಗಂಟಲು. ಎರಡೂ ಬೇರೆ ಬೇರೆ. ಆದರೂ ಕಸ್ತೂರಿ ನಿವಾಸದ ಆಡಿಸಿ ನೋಡು ಕೇಳುವಾಗ ಇದು ಬೇರೆಯವರ ಸ್ವರ ಎಂದು ಯಾರಿಗಾದರೂ ಅನಿಸುತ್ತದಾ? 1974ರ ಸಂಪತ್ತಿಗೆ ಸವಾಲ್ ನಂತರ ರಾಜಕುಮಾರ್ ಹೆಚ್ಚಾಗಿ ತಾವೇ ಹಾಡಿದರು. ಅದೂ ನಮಗೆ ಹಬ್ಬವೇ. 1977ರ ಬಭ್ರುವಾಹನದಲ್ಲಿ ಅಪ್ಪ ಮಗ ಎದುರುಬದುರು ನಿಂತು ಹಾಡುತ್ತಾರೆ, ನೆನಪಿದೆಯಾ? ಎರಡು ಪಾತ್ರವೂ ರಾಜಕುಮಾರ್. ಬಭ್ರುವಾಹನನ ಸ್ವರ ರಾಜಕುಮಾರ್ ಅವರದ್ದು, ಅರ್ಜುನನ ಸ್ವರ ಶ್ರೀನಿವಾಸ್ ಅವರದ್ದು. ಅದನ್ನು ಮನೆಯಲ್ಲಿ ಒಮ್ಮೆ ಕಣ್ಣು ಮುಚ್ಚಿ ಕೇಳಿ. ಎರಡು ವಿದ್ಯೆಯೂ ಒಂದೇ ಹಾಡಿನಲ್ಲಿ ಸಿಗುತ್ತದೆ.

ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೂ ಅವರದ್ದೇ ಸ್ವರ. ಮಲಯಾಳದಲ್ಲೂ ಹಾಡಿದರು. 1963ರ ನಿಣಮಣಿಞ್ಞ ಕಾಲ್ಪಾಡುಗಳ್ ಸಿನಿಮಾದಲ್ಲಿ ಮಲೆಗಳ ಆಚೆಗಿನ ಮಲಯಾಳ ನಾಡನ್ನು ನೆನೆಯುವ ಹಾಡು ಇದೆ. ಕಾಸರಗೋಡಿನ ಪೇಟೆಯಲ್ಲಿ ನನ್ನ ಮಲಯಾಳಿ ಗೆಳೆಯ ಅದನ್ನು ಗುನುಗುತ್ತಾನೆ, ನಾನು ಕನಕದಾಸದ್ದು ಗುನುಗುತ್ತೇನೆ. ಇಬ್ಬರೂ ನಮ್ಮವರು ಅನ್ನುತ್ತೇವೆ. ಹುಟ್ಟಿದ್ದು ತೆಲುಗು ಮನೆಯಲ್ಲಿ, ಬದುಕಿದ್ದು ಚೆನ್ನೈಯಲ್ಲಿ! ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವ ಗಡಿನಾಡಿನವರಿಗೆ ಅಂಥವರ ಮೇಲೆ ಪ್ರೀತಿ ಜಾಸ್ತಿಯೇ ಅಲ್ವಾ?

ಅವರು ಕವಿಯೂ ಹೌದು, ಎಂಟು ಭಾಷೆಗಳಲ್ಲಿ ಬರೆದರು. ತಲೆಗೆ ಜರಿಯ ಟೋಪಿ, ಕಿಸೆ ತುಂಬ ಬಣ್ಣಬಣ್ಣದ ಪೆನ್ನು. ಚೆನ್ನೈಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದರು. ಚಂದ್ರನ ಮೇಲೆ ಮನುಷ್ಯ ಇಳಿದಾಗ ಅದರ ಮೇಲೂ ಇಂಗ್ಲಿಷಿನಲ್ಲಿ ಹಾಡು ಬರೆದು, ಎಸ್. ಜಾನಕಿ ಜೊತೆ ಹಾಡಿದರು. ಇದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು.

ಕೊನೆಗೆ ನಮ್ಮ ಊರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಗಣೇಶೋತ್ಸವದಲ್ಲಿ, ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ನೀವು ಕರೋಕೆ ಹಾಕಿ ಶ್ರೀನಿವಾಸ್ ಹಾಡು ಹಾಡುತ್ತೀರಿ. ತುಂಬ ಸಂತೋಷ. ಆದರೆ ದಯವಿಟ್ಟು ಕಿರುಚಬೇಡಿ. ನಾಗರಹಾವಿನ ಬಾರೆ ಬಾರೆಯನ್ನು ಕಬಡ್ಡಿಗೆ ಕರೆದ ಹಾಗೆ ಹಾಡುವುದನ್ನು ನಾನು ಹೋದ ವರ್ಷ ಮೂರು ಕಡೆ ಕೇಳಿದೆ. ಮೈಕ್ ಇರುವುದು ನಿಮ್ಮ ಕೈಯಲ್ಲೇ. ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ, ಮೆಲ್ಲನೆ ಹಾಡಿ. ಸೌಂಡಿನವರಿಗೂ ಹೇಳುತ್ತೇನೆ, ನನ್ನ ಕಸುಬಿನವರೇ ನೀವು. ಬಾಕ್ಸು ಹದಿನಾರು ಇದ್ದರೂ ಈ ಹಾಡಿಗೆ ಎರಡು ಸಾಕು.

ಈಗ ಕೇಂದ್ರದವರು ಅದೇ ಕನಕದಾಸದ ಹಾಡು ಹಾಕುತ್ತಾರೆ. ನಾನು ಕೇಳಿಕೊಂಡಿದ್ದೆ, ಒಪ್ಪಿದ್ದಾರೆ. ರೇಡಿಯೋ ಹತ್ತಿರ ಇರುವವರು ಸ್ವಲ್ಪ ವಾಲ್ಯೂಮ್ ಕಡಿಮೆ ಮಾಡಿ. ಇನ್ನೂ ಸ್ವಲ್ಪ. ಹಾಂ, ಅಷ್ಟು ಸಾಕು.

ನಮಸ್ಕಾರ.