ದಂಗೆಯ ಕಥೆ ಯಾರ ಬಾಯಲ್ಲಿ?

ಕೇಳುಗರಿಗೆ ನಮಸ್ಕಾರ.

ಥಾಮಸ್ ಫ್ಲನಗನ್ ಅವರ ‘ದಿ ಇಯರ್ ಆಫ್ ದಿ ಫ್ರೆಂಚ್’ ಕಾದಂಬರಿ ಹೊರಬಂದದ್ದು 1979ರಲ್ಲಿ. ಅಮೆರಿಕದ ವಿಮರ್ಶಕರ ಸಂಘ, ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್, ಆ ವರ್ಷದ ಪ್ರಶಸ್ತಿಯನ್ನು ಅದಕ್ಕೇ ಕೊಟ್ಟಿತು. ಮೇಷ್ಟ್ರೊಬ್ಬರ ಮೊದಲ ಕಾದಂಬರಿಗೆ ಇದು ಸಣ್ಣ ಮನ್ನಣೆಯಲ್ಲ. 1982ರಲ್ಲಿ ಐರಿಷ್ ಟೆಲಿವಿಷನ್‌ನಲ್ಲಿ ಧಾರಾವಾಹಿಯಾಗಿಯೂ ಬಂತು.

ವಸ್ತು, 1798ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಐರಿಷ್ ದಂಗೆ. ದಂಗೆಗೆ ನೆರವಾಗಲು ಆಗಸ್ಟ್ 22ರಂದು ಜನರಲ್ ಉಂಬೇರ್ ಸುಮಾರು ಸಾವಿರ ಫ್ರೆಂಚ್ ಸೈನಿಕರೊಂದಿಗೆ ಮೇಯೊ ಕೌಂಟಿಯ ಕಿಲ್ಲಾಲಾ ಬಳಿ ಇಳಿದ. 27ರಂದು ಕ್ಯಾಸಲ್‌ಬಾರ್‌ನಲ್ಲಿ ಬ್ರಿಟಿಷ್ ಪಡೆ ಕಾಲಿಗೆ ಬುದ್ಧಿ ಹೇಳಿತು. ಸೆಪ್ಟೆಂಬರ್ 8ಕ್ಕೆ ಬ್ಯಾಲಿನಮಕ್‌ನಲ್ಲಿ ಎಲ್ಲ ಮುಗಿಯಿತು. ಶರಣಾದ ಫ್ರೆಂಚರು ಯುದ್ಧಕೈದಿಗಳಾಗಿ ಊರು ಸೇರಿದರು. ಅವರನ್ನು ನಂಬಿ ಈಟಿ ಹಿಡಿದು ಬಂದ ರೈತರನ್ನು ಬ್ರಿಟಿಷರು ಅಲ್ಲೇ ಕಡಿದುಹಾಕಿದರು. ದಂಗೆ ಅಡಗಿಸಿದ ಕಾರ್ನ್‌ವಾಲಿಸ್ ನಮಗೆ ಹೊಸಬನಲ್ಲ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನು ಅವನೇ.

ಪ್ರಾಟೆಸ್ಟೆಂಟ್ ಪಾದ್ರಿಯ ವರದಿ, ಬಂಡಾಯಗಾರ ಜಮೀನ್ದಾರನ ಆತ್ಮಕಥನ, ಒಬ್ಬ ಮೇಷ್ಟ್ರ ದಿನಚರಿ, ಬ್ರಿಟಿಷ್ ಅಧಿಕಾರಿಯ ನೆನಪು: ಕಥೆ ಇವರೆಲ್ಲರ ಬರಹಗಳಲ್ಲಿ ಹಂಚಿಹೋಗಿದೆ. ಪಾದ್ರಿ ಬ್ರೂಮ್‌ನ ಹಿಂದೆ ಕಿಲ್ಲಾಲಾದ ಬಿಷಪ್ ಜೋಸೆಫ್ ಸ್ಟಾಕ್ ಬರೆದಿಟ್ಟ ನಿಜವಾದ ವೃತ್ತಾಂತವಿದೆ.

ವಿಮರ್ಶೆ ಕೇಳಬೇಕಾದ ಪ್ರಶ್ನೆ ಇಲ್ಲಿದೆ. ‘ನಾನು’ ಎಂದು ಬರೆಯುವವರೆಲ್ಲ ಓದು ಬರಹ ಬಲ್ಲವರು. ಈಟಿ ಹಿಡಿದ ರೈತನ ‘ನಾನು’ ಎಲ್ಲೂ ಇಲ್ಲ. ಇದು ಕೊರತೆಯೆಂದು ವಾದಿಸಬಹುದು. ನನಗಂತೂ ಇದು ಲೇಖಕರ ಪ್ರಾಮಾಣಿಕತೆ. ಆರಂಭದ ದೃಶ್ಯವನ್ನೇ ನೋಡಿ. ಜಮೀನ್ದಾರನಿಗೆ ಬೆದರಿಕೆ ಪತ್ರ ಬರೆಸಲು ಹಳ್ಳಿಯವರು ಇನ್ನೊಬ್ಬ ಮೇಷ್ಟ್ರು, ಕವಿ ಮೆಕಾರ್ಥಿಯನ್ನು ಹುಡುಕಿಕೊಂಡು ಬರುತ್ತಾರೆ. ಅವನ ತಲೆಯಲ್ಲಿರುವುದೋ ಒಂದು ಕವಿತೆಯ ಸಾಲು: ಕುಡುಗೋಲೋ ಕತ್ತಿಯೋ, ಯಾವುದೋ ಗಟ್ಟಿ ಚಪ್ಪಟೆ ವಸ್ತುವಿನ ಮೇಲೆ ಬಿದ್ದ ಬೆಳದಿಂಗಳು. ಸಿಟ್ಟು ಒಬ್ಬರದು, ಅಕ್ಷರ ಇನ್ನೊಬ್ಬರದು. ದಾಖಲೆಗಳಲ್ಲಿ ಉಳಿಯದ ರೈತನಿಗೆ ಸುಳ್ಳು ಡೈರಿಯೊಂದನ್ನು ಹೊಸೆದುಕೊಟ್ಟಿದ್ದರೆ ಈ ಅಂತರ ಮುಚ್ಚಿಹೋಗುತ್ತಿತ್ತು.

ದೋಷವಿಲ್ಲವೆಂದಲ್ಲ. ಐನೂರು ಪುಟ ಮೀರಿದ ಪುಸ್ತಕ. ಸೈನ್ಯದ ನಡಿಗೆ ಬರುವ ಭಾಗ ಎಳೆದಂತಾಗುತ್ತದೆ, ನಿರೂಪಕರು ಬದಲಾದಾಗ ಓದುಗ ದಾರಿ ತಪ್ಪುತ್ತಾನೆ. ಆಗ ಅಧ್ಯಾಯದ ತಲೆಬರಹ ನೋಡಿ, ಬರೆದವರು ಯಾರೆಂದು ಅಲ್ಲೇ ಇರುತ್ತದೆ. ಮೇಲೆ ಹೇಳಿದ ಮೂರು ತಾರೀಕುಗಳು ನೆನಪಿದ್ದರೆ, ಐರ್ಲೆಂಡಿನ ನಕ್ಷೆ ಪಕ್ಕದಲ್ಲಿದ್ದರೆ ತೊಡಕಿಲ್ಲ. 2004ರ ಮರುಮುದ್ರಣಕ್ಕೆ ವಿಮರ್ಶಕ ಸೀಮಸ್ ಡೀನ್ ಮುನ್ನುಡಿ ಬರೆದಿದ್ದಾರೆ. ಅದನ್ನು ಕಾದಂಬರಿ ಮುಗಿಸಿದ ಮೇಲೆ ಓದಿ. ನಮಸ್ಕಾರ.